ಬಣ್ಣ ಹಿಡಿಯದ ತುಣುಕು

ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಹುಬ್ಬಳ್ಳಿಯ ದೊಡ್ಡ ಲ್ಯಾಬಿನಿಂದ ಮೇಲ್ ಬಂತು. ಇಂಡಿ ತಾಲ್ಲೂಕಿನ ಒಬ್ಬ ನಿವೃತ್ತ ಪಿ.ಟಿ. ಮಾಸ್ತರರ ಎದೆಯ ಗಡ್ಡೆಯ ರಿಸೆಪ್ಟರ್ ವರದಿ. ಈಸ್ಟ್ರೊಜೆನ್ ರಿಸೆಪ್ಟರ್ ಇಲ್ಲ, ಪ್ರೊಜೆಸ್ಟೆರಾನ್ ರಿಸೆಪ್ಟರ್ ಇಲ್ಲ, ನೋಡಬೇಕಿದ್ದ ಮೂರನೆಯದೂ ಇಲ್ಲ. ಪ್ರಿಂಟ್ ತೆಗೆದೆ, ನನ್ನ ವರದಿಗೆ ಜೋಡಿಸಿ ಸಹಿ ಹಾಕಿದೆ, ಲಕೋಟೆಗೆ ಸೇರಿಸಿ ರೊಟ್ಟಿ ಮುರಿದೆ. ಇಷ್ಟಕ್ಕೂ ಎರಡು ನಿಮಿಷ ಹಿಡಿದಿರಲಿಕ್ಕಿಲ್ಲ.

ಸಿಂದಗಿಯಲ್ಲಿ ನನ್ನದು ಸಣ್ಣ ಪೆಥಾಲಜಿ ಲ್ಯಾಬ್. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸರ್ಜನ್ನರು ಕತ್ತರಿಸಿ ತೆಗೆದ ಗಡ್ಡೆಗಳು ಪ್ಲಾಸ್ಟಿಕ್ ಭರಣಿಗಳಲ್ಲಿ, ಕೆಡದಂತೆ ಕಾಯುವ ಫಾರ್ಮಲಿನ್ ದ್ರವದೊಳಗೆ ಮುಳುಗಿ, ಸಂಬಂಧಿಕರ ಕೈಚೀಲದಲ್ಲಿ ಕೂತು ಬಸ್ಸಿನಲ್ಲಿ ಬರುತ್ತವೆ. ನಾನೂ ನನ್ನ ಟೆಕ್ನಿಷಿಯನ್ನೂ ಅವನ್ನು ಹೋಳು ಮಾಡಿ, ಮೇಣದ ಬ್ಲಾಕಿನಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡುತ್ತೇವೆ. ರಿಸೆಪ್ಟರ್ ಪರೀಕ್ಷೆಯ ಸಲಕರಣೆ ನಮ್ಮಲ್ಲಿಲ್ಲ. ಬ್ಲಾಕನ್ನು ಹುಬ್ಬಳ್ಳಿಗೆ ಕಳಿಸುತ್ತೇವೆ.

ನಾಲ್ಕು ಗಂಟೆಗೆ ಮಾಸ್ತರರ ತಮ್ಮ ವರದಿ ಒಯ್ಯಲು ಬಂದರು. ಐವತ್ತೈದರ ಆಸುಪಾಸಿನ ಲಿಂಬೆ ತೋಟದವರು, ಮೂರು ವಾರದ ಹಿಂದೆ ಅಣ್ಣನ ಭರಣಿಯನ್ನು ನನ್ನಲ್ಲಿಗೆ ತಂದವರೂ ಅವರೇ. ಲಕೋಟೆ ಬಿಚ್ಚಿ ಬೆರಳಿಟ್ಟು ಓದಿ ಮುಖ ಅರಳಿಸಿದರು.

"ಎಲ್ಲಾ ನೆಗೆಟಿವ್ ಅಂತ ಬರದೈತಿ. ಛಲೋ ಆತಲ್ರಿ ಅಕ್ಕಾರ?"

ಹಸಿವು ಇಳಿದಿತ್ತು, ತಾಳ್ಮೆ ಇನ್ನೂ ಬಂದಿರಲಿಲ್ಲ. ಛಲೋ ಅಲ್ಲ, ಗುಳಿಗೆಯ ದಾರಿ ಮುಚ್ಚಿತು ಎಂದು ಅರ್ಥ, ಇನ್ನು ಕಿಮೋ ಒಂದೇ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಬೆಂಚಿನ ಮೇಲೆ ಕುಳಿತರು. ಅಣ್ಣನಿಗೆ ಹಿಂದೆ ಹೃದಯಾಘಾತವಾಗಿದೆ, ಹೃದಯದ ಪಂಪು ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ ಎಂದರು. ಗುಳಿಗೆಯಲ್ಲಿ ಮುಗಿದರೆ ಮುಗಿಯಿತು, ಕಿಮೋ ಎಂದಾದರೆ ಹೃದಯ ತಡೆಯುತ್ತದೋ ಇಲ್ಲವೋ ಹೇಳಲಾಗದು ಎಂದು ವಿಜಯಪುರದ ಕ್ಯಾನ್ಸರ್ ಡಾಕ್ಟರು ಮೊದಲೇ ಹೇಳಿದ್ದರಂತೆ. ಸೋಮವಾರಕ್ಕೆ ಹಾಸಿಗೆ ಕಾದಿರಿಸಿಯೂ ಆಗಿತ್ತು. ಅವರು ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಅವರು ಹೋದ ಮೇಲೆ ನನಗೆ ಕೆಲಸ ಹತ್ತಲಿಲ್ಲ.

ಗಂಡಸಿಗೆ ಎದೆಯ ಕ್ಯಾನ್ಸರ್ ಬರುತ್ತದೆ ಎಂದರೆ ಜನ ಈಗಲೂ ನಗುತ್ತಾರೆ, ಓದಿದವರೂ ನಗುತ್ತಾರೆ. ಗಂಡಸಿನ ಎದೆಯಲ್ಲೂ ಹಾಲಿನ ನಾಳಗಳ ಗುರುತು ಉಳಿದಿರುತ್ತದೆ, ಗಂಡಸಿನ ರಕ್ತದಲ್ಲೂ ಈಸ್ಟ್ರೊಜೆನ್ ಓಡಾಡುತ್ತದೆ. ಹಾರ್ಮೋನು ಎಂಬುದು ನಮ್ಮ ಹಳ್ಳಿ ಟೆಂಪೊ ಇದ್ದ ಹಾಗೆ. ಎಲ್ಲರ ಮುಂದೆಯೂ ಹಾಯುತ್ತದೆ, ಕೈ ಮಾಡಿದವರ ಮುಂದೆ ಮಾತ್ರ ನಿಲ್ಲುತ್ತದೆ. ಜೀವಕೋಶದಲ್ಲಿ ಹಾಗೆ ಕೈ ಮಾಡುವುದೇ ರಿಸೆಪ್ಟರ್. ಗಡ್ಡೆ ಈಸ್ಟ್ರೊಜೆನ್ನಿಗೆ ಕೈ ಮಾಡಿ ನಿಲ್ಲಿಸಿಕೊಂಡು ಬೆಳೆಯುತ್ತಿದ್ದರೆ, ದಿನಕ್ಕೊಂದು ಗುಳಿಗೆ ಆ ಕೈಯನ್ನು ಹಿಡಿದಿಟ್ಟುಕೊಳ್ಳುತ್ತದೆ. ರಿಸೆಪ್ಟರೇ ಇಲ್ಲದ ಗಡ್ಡೆಗೆ ಆ ಗುಳಿಗೆ ನುಂಗಿ ಉಪಯೋಗವಿಲ್ಲ. ಆದರೆ ಗಂಡಸರ ಎದೆಯ ಗಡ್ಡೆಗಳಲ್ಲಿ ಬಹುತೇಕ ಎಲ್ಲವುಗಳಲ್ಲೂ ಈ ರಿಸೆಪ್ಟರ್ ಇರುತ್ತದೆ. ಇಲ್ಲದಿರುವುದು ತೀರ ಅಪರೂಪ. ಓದುವಾಗ ಉರು ಹೊಡೆದ ಈ ಮಾತು ರೊಟ್ಟಿ ತಿನ್ನುವಾಗ ನೆನಪಾಗಲಿಲ್ಲ.

ಮೇಲ್ ಮತ್ತೆ ತೆರೆದೆ. ವರದಿಯ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಗಡ್ಡೆಯ ಪಕ್ಕದ ಸಹಜ ನಾಳಗಳಲ್ಲೂ ಬಣ್ಣ ಕಂಡಿಲ್ಲ, ಸಂದರ್ಭಕ್ಕೆ ಹೊಂದಿಸಿ ನೋಡುವುದು. ರಿಸೆಪ್ಟರ್ ಇದ್ದ ಕಡೆ ಕೋಶದ ನಡುವೆ ಕಂದು ಬಣ್ಣ ಮೂಡಬೇಕು, ಅದೇ ಪರೀಕ್ಷೆ. ಗಡ್ಡೆ ಬಣ್ಣ ಹಿಡಿಯದಿರಬಹುದು, ಪಕ್ಕದ ಆರೋಗ್ಯವಂತ ನಾಳವಾದರೂ ಅಲ್ಲಲ್ಲಿ ಹಿಡಿಯಲೇಬೇಕು. ಅದೂ ಹಿಡಿಯದಿದ್ದರೆ ಆ ತುಣುಕು ಮಾತಾಡುವ ಸ್ಥಿತಿಯಲ್ಲೇ ಇಲ್ಲ ಎಂದು ಅರ್ಥ. ಹುಬ್ಬಳ್ಳಿಯವರು ಬರೆಯಬೇಕಾದ್ದನ್ನು ಬರೆದಿದ್ದರು. ಓದಬೇಕಾದವಳು ಓದಿರಲಿಲ್ಲ.

ಅಲ್ಲಿಯ ಡಾಕ್ಟರಿಗೆ ಫೋನ್ ಮಾಡಿ ಸ್ಲೈಡಿನ ಚಿತ್ರ ಕೇಳಿದೆ. ಹತ್ತು ನಿಮಿಷದಲ್ಲಿ ಬಂತು. ಅವರು ಹೋಲಿಕೆಗೆಂದು ಪ್ರತಿ ಸಲ ಜೊತೆಗಿಟ್ಟು ಬಣ್ಣ ಹಾಕುವ ಬೇರೊಬ್ಬರ ತುಣುಕು ಚೆನ್ನಾಗಿ ಕಂದಾಗಿತ್ತು. ನಮ್ಮದು ಪೂರ್ತಿ ತಿಳಿನೀಲಿ, ಒಂದೇ ಒಂದು ಕಂದು ಚುಕ್ಕೆ ಇಲ್ಲ. ಅವರ ಕೆಲಸ ಸರಿಯಿತ್ತು, ನಮ್ಮ ತುಣುಕು ಕೆಟ್ಟಿತ್ತು.

ನನ್ನ ಹಳೆಯ ಸ್ಲೈಡನ್ನು ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟೆ. ಕ್ಯಾನ್ಸರ್ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಕೋಶಗಳ ಅಂಚು ಕಲಸಿಹೋಗಿತ್ತು, ಗಡ್ಡೆಯ ನಡುಭಾಗ ಅಂಬಲಿಯ ಹಾಗಿತ್ತು. ಆಗ ಮೂರು ವಾರದ ಹಿಂದೆ ಭರಣಿ ಬಂದ ಸೋಮವಾರ ಕಣ್ಣ ಮುಂದೆ ಬಂತು. ಫಾರ್ಮಲಿನ್ ಭರಣಿಯ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರಬೇಕು. ಅಂದು ಬರಲಿಲ್ಲ. ಒಳಗಿನ ದ್ರವ ತೆಳು ಗುಲಾಬಿ ಬಣ್ಣಕ್ಕಿತ್ತು, ತುಣುಕು ಕೈಗೆ ಮೆತ್ತಗೆ ಹತ್ತಿತು. ಟೇಬಲ್ ಮೇಲೆ ಇನ್ನೂ ಹನ್ನೊಂದು ಭರಣಿಗಳಿದ್ದವು. ಹೊಸ ಫಾರ್ಮಲಿನ್ ಹಾಕಿಡಿ, ನಾಳೆ ಕೊಯ್ಯೋಣ ಎಂದು ಟೆಕ್ನಿಷಿಯನ್ನರಿಗೆ ಹೇಳಿ ಮುಂದಿನ ಭರಣಿಗೆ ಹೋಗಿದ್ದೆ. ರಿಜಿಸ್ಟರಿನಲ್ಲಿ 'ಫಾರ್ಮಲಿನ್‌ನಲ್ಲಿ ಬಂದಿದೆ' ಎಂದು ನನ್ನ ಕೈಯಕ್ಷರವೇ ಇತ್ತು. ಅದನ್ನು ನೋಡಿ ನನ್ನ ಮೇಲೆ ನನಗೇ ಸಿಟ್ಟು ಉಕ್ಕಿತು.

ಇಂಡಿಯ ಸರ್ಜನ್ನರಿಗೆ ಫೋನ್ ಮಾಡಿ, ವರದಿ ನಂಬುವ ಹಾಗಿಲ್ಲ, ಸೋಮವಾರದ ಕಿಮೋ ತಡೆಯಿರಿ ಎಂದೆ. ಅವರದು ಮೊದಲೇ ಖಾರ ನಾಲಿಗೆ.

"ತಡದು ಏನ್ ಮಾಡೂದ್ರಿ? ಗಡ್ಡಿ ಪೂರಾ ತಗದೇನಿ. ಮತ್ತ ಟೆಸ್ಟ್ ಮಾಡಾಕ ಮೈಯಾಗ ಏನೂ ಉಳದಿಲ್ಲ. ನಿಮ್ಮ ಕಡೆ ಇರೂದು ಎಲ್ಲಾ ಅದ ಭರಣಿದಾಗಿನ ಮಾಲು. ನಿಮ್ಮ ಅನುಮಾನ ಮುಗಿಯೂ ತನಕ ಕ್ಯಾನ್ಸರ್ ಕಾಯಂಗಿಲ್ಲ."

ಅವರ ಮಾತು ನೂರಕ್ಕೆ ನೂರು ನಿಜ ಎಂದೇ ಆಗ ಅನಿಸಿತು. ಭಾನುವಾರದೊಳಗೆ ಏನಾದರೂ ಕೈಗೆ ಸಿಕ್ಕರೆ ಹೇಳಿ, ಇಲ್ಲದಿದ್ದರೆ ಸೋಮವಾರ ಕಿಮೋ ಶುರು ಎಂದು ಫೋನ್ ಇಟ್ಟರು. ಗಡ್ಡೆಯ ಜೊತೆಗೇ ತೆಗೆದ ಕಂಕುಳಿನ ಗಂಟುಗಳು, ಅಂದರೆ ದುಗ್ಧಗ್ರಂಥಿಗಳು, ಬೇರೆ ಸಣ್ಣ ಬಾಟಲಿಯಲ್ಲಿ ಬಂದಿದ್ದವು, ಅವುಗಳಿಗೂ ಕ್ಯಾನ್ಸರ್ ಹರಡಿತ್ತು. ಅವುಗಳ ಸ್ಲೈಡ್ ಅದೇ ಟ್ರೇಯಲ್ಲಿತ್ತು. ಅದನ್ನು ಆಗಲೇ ಮತ್ತೊಮ್ಮೆ ನೋಡಬೇಕಿತ್ತು, ನೋಡಲಿಲ್ಲ. ಒಬ್ಬರೇ ತಂದದ್ದು, ಒಟ್ಟಿಗೇ ಬಂದದ್ದು, ಕೆಟ್ಟರೆ ಎರಡೂ ಕೆಟ್ಟಿರುತ್ತವೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಗಾಬರಿ ಬಿದ್ದವರಿಗೆ ಎದುರಿಗೆ ನಿಂತ ಎಮ್ಮೆಯೂ ಕಾಣುವುದಿಲ್ಲ.

ಭರಣಿಗೆ ದಾರಿಯಲ್ಲಿ ಏನಾಯಿತೆಂದು ಮೊದಲು ತಿಳಿಯಬೇಕಿತ್ತು. ಮಾಸ್ತರರ ತಮ್ಮನ ನಂಬರ್ ಒತ್ತಲು ಹೊರಟವಳನ್ನು ಟೆಕ್ನಿಷಿಯನ್ ತಡೆದರು. ಮುದ್ದೇಬಿಹಾಳದವರು, ನನಗಿಂತ ಹತ್ತು ವರ್ಷ ದೊಡ್ಡವರು, ನನ್ನ ಸಿಟ್ಟಿಗೆ ಹೆದರದ ಏಕೈಕ ಮನುಷ್ಯ.

"ಫೋನ್‌ದಾಗ ಕೇಳಿದ್ರ ಯಾರೂ ಖರೇ ಹೇಳಂಗಿಲ್ರಿ ಮೇಡಂ. ಅವರ ಮನೀಗೆ ಹೋಗಿ, ಕುಂತು, ಚಾ ಕುಡದು ಕೇಳ್ರಿ. ಅದೂ ಜೋರ್ ಮಾಡಬ್ಯಾಡ್ರಿ."

ಗುರುವಾರ ಬೆಳಿಗ್ಗೆ ಇಂಡಿ ಬಸ್ಸು ಹತ್ತಿದೆ, ಅಲ್ಲಿಂದ ಟೆಂಪೊ. ಮನೆ ತೋಟದ ಅಂಚಿನಲ್ಲೇ ಇತ್ತು. ಮಾಸ್ತರರು ಅಂಗಳದ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಅರವತ್ತೆರಡು ವರ್ಷ, ಬೆನ್ನು ಇನ್ನೂ ಪರೇಡಿನದು. ಆ ಬಿಸಿಲಿನಲ್ಲೂ ಎದೆಗೆ ಶಾಲು ಸುತ್ತಿಕೊಂಡಿದ್ದರು. ವರದಿಯಲ್ಲಿ ಸ್ವಲ್ಪ ಅನುಮಾನವಿದೆ, ಅದಕ್ಕೆ ಬಂದೆ ಎಂದೆ. ಅವರು ತಲೆಯಾಡಿಸಿದರು. ಅಣ್ಣ ಆಪರೇಷನ್ ವಿಷಯ ಊರಲ್ಲಿ ಯಾರಿಗೂ ಹೇಳಿಲ್ಲ, ಹಾರ್ಟಿನದು ಎಂದಿದ್ದಾನೆ ಎಂದು ತಮ್ಮ ಒಳಗೆ ಕರೆದು ತಗ್ಗಿದ ದನಿಯಲ್ಲಿ ಎಚ್ಚರಿಸಿದರು.

ಚಹಾ ಕುಡಿದೆ. ಭರಣಿಯ ವಿಷಯ ತೆಗೆದೆ. ಶನಿವಾರ ಆಪರೇಷನ್ ಆಯಿತು, ಸೋಮವಾರ ತಂದು ಕೊಟ್ಟೆ, ಅಷ್ಟೇ ಎಂದರು. ಎರಡನೇ ಸಲ ಕೇಳಿದಾಗಲೂ ಅಷ್ಟೇ. ಕಣ್ಣು ಮಾತ್ರ ಹೊರಗೆ ಕುಳಿತ ಅಣ್ಣನ ಮೇಲಿತ್ತು. ನನಗೆ ಮೈ ಉರಿಯತೊಡಗಿತು, ಟೆಕ್ನಿಷಿಯನ್ನರ ಮಾತು ನೆನೆದು ಬಾಯಿ ಬಿಗಿಹಿಡಿದೆ. ಹೋಗಿಬರುತ್ತೇನೆಂದು ಎದ್ದೆ. ಟೆಂಪೊ ಹತ್ತಿಸಲು ಅವರೇ ಜೊತೆಗೆ ಬಂದರು. ಲಿಂಬೆ ಗಿಡಗಳ ನಡುವಿನ ಕಾಲುದಾರಿಯಲ್ಲಿ ಅರ್ಧ ಬಂದಾಗ ನಾನು ನನ್ನ ತಪ್ಪು ಹೇಳಿದೆ. ಭರಣಿಗೆ ವಾಸನೆಯೇ ಇರಲಿಲ್ಲ, ಅದು ನನಗೆ ಅಂದೇ ಗೊತ್ತಾಗಿತ್ತು, ಬರೆಯದೆ ಬಿಟ್ಟೆ ಎಂದೆ. ಅವರು ನಿಂತರು.

"ನೀರು ಸೋರಿತ್ರಿ ಅಕ್ಕಾರ," ಎಂದರು. ಆಮೇಲೆ ಎಲ್ಲವೂ ಹೊರಗೆ ಬಂತು.

ಶನಿವಾರ ಸಂಜೆ ಟೆಂಪೊದಲ್ಲಿ ಭರಣಿಯ ಮುಚ್ಚಳ ಸಡಿಲಾಗಿ ಫಾರ್ಮಲಿನ್ ಸೋರಿದೆ. ಜನರಿಗೆ ಕಣ್ಣುರಿ, ಕೆಮ್ಮು. ಡ್ರೈವರ್ ಇವರನ್ನು ನಡುದಾರಿಯಲ್ಲಿ ಇಳಿಸಿದ್ದಾನೆ. ಸಿಂದಗಿ ಬಸ್ಸು ತಪ್ಪಿತು, ಮರುದಿನ ಭಾನುವಾರ ನನ್ನ ಲ್ಯಾಬಿಗೆ ಬೀಗ. ಭರಣಿ ಹಿಡಿದು ಮನೆಗೆ ಬಂದಿದ್ದಾರೆ. ಬುಡದಲ್ಲಿ ನಾಲ್ಕು ಬೆರಳು ದ್ರವವೂ ಉಳಿದಿರಲಿಲ್ಲ.

"ಅಣ್ಣನ ಮೈಯಾಗಿನ ತುಂಡು ಕೊಳತು ಹೋದ್ರ ಹೆಂಗ ಅಂತ ಜೀವ ಹಾರಿತ್ರಿ. ಹಣ್ಣು ಕೆಡದಂಗ ಇಡಾಕ ನಮಗ ಗೊತ್ತಿದ್ದದ್ದು ಒಂದ ದಾರಿ. ಉಳದ ನೀರು ಚೆಲ್ಲಿ, ಉಪ್ಪುನೀರು ಕಾಸಿ ಆರಿಸಿ, ತುಂಬಿ, ಬಾಯಿಗೆ ಅರಬಿ ಕಟ್ಟಿ ಅಟ್ಟದ ಮ್ಯಾಲ ಇಟ್ಟಿದ್ನಿ. ಲಿಂಬಿಕಾಯಿಗೆ ಮಾಡಿದಂಗ. ಮುಚ್ಚಳ ತಗೀಬ್ಯಾಡ ಅಂತ ಡಾಕ್ಟರ್ ಹೇಳಿದ್ರು, ಅದಕ್ಕ ಯಾರ ಮುಂದೂ ಬಾಯಿ ಬಿಡಲಿಲ್ರಿ."

ಉಪ್ಪುನೀರಿನಲ್ಲಿ ಲಿಂಬೆ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯನ ಮಾಂಸದೊಳಗಿನ ರಿಸೆಪ್ಟರ್ ಉಳಿಯುವುದಿಲ್ಲ. ಅಷ್ಟು ಕಾಳಜಿಯಿಂದ, ಅಷ್ಟು ಶುಚಿಯಾಗಿ ಅವರು ಅಣ್ಣನ ಪರೀಕ್ಷೆಯನ್ನು ಕೆಡಿಸಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ನನಗೂ ಅಳು ಬಂತು.

"ಇದರಿಂದ ಅಣ್ಣಗ ಏನರ ಆದ್ರ ಕೊಂದವ ನಾನ. ಅವಗ ಹೇಳಬ್ಯಾಡ್ರಿ," ಎಂದು ಕೈಮುಗಿದರು.

ಆ ಕೈಗಳನ್ನು ಕೆಳಗಿಳಿಸುತ್ತ, ಬಾಯಿಗೆ ಬಂದದ್ದನ್ನು ಕೇಳಿದೆ. ಸಣ್ಣ ಬಾಟಲಿಯೂ ಸೋರಿತ್ತೇನು?

"ಇಲ್ರಿ. ಅದು ಅಂಗಿ ಕಿಸ್ಯಾಗ ಇತ್ತು. ಅದನ್ನ ಮುಟ್ಟಿಲ್ಲ."

ಸಿಂದಗಿಗೆ ಬರುವ ತನಕ ಬಸ್ಸಿನಲ್ಲಿ ನಾನು ಲೆಕ್ಕ ಹಾಕುತ್ತಿದ್ದೆ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಮಧ್ಯಾಹ್ನ ಕೊಯ್ಯುವ ತನಕ, ಸಣ್ಣ ಬಾಟಲಿಯ ಗಂಟು ನಲವತ್ತೆಂಟು ತಾಸು ಫಾರ್ಮಲಿನ್‌ನಲ್ಲೇ ಇದೆ. ಎಪ್ಪತ್ತೆರಡು ತಾಸು ದಾಟಿದರೆ ರಿಸೆಪ್ಟರ್ ಮಂಕಾಗುತ್ತದೆ, ದಾಟಿಲ್ಲ. ಗಂಟಿಗೆ ಹರಡಿದ ಕ್ಯಾನ್ಸರ್ ಎದೆಯಿಂದ ಹೋದ ಕ್ಯಾನ್ಸರೇ, ಅದರ ರಿಸೆಪ್ಟರ್ ನೋಡಬಹುದು. ಲ್ಯಾಬಿಗೆ ಬಂದು ಚಪ್ಪಲಿ ಬಿಡದೆ ಆ ಸ್ಲೈಡ್ ಇಟ್ಟು ನೋಡಿದೆ. ಕೋಶಗಳು ಸ್ಪಷ್ಟವಾಗಿ, ಒಂದೊಂದೂ ಬೇರೆ ಬೇರೆಯಾಗಿ ಕಂಡವು. ಎರಡು ಗಂಟುಗಳಲ್ಲಿ ಒಂದರಲ್ಲಿ ಪರೀಕ್ಷೆಗೆ ಸಾಕಾಗುವಷ್ಟು ಗಡ್ಡೆಯಿತ್ತು. ಟೆಕ್ನಿಷಿಯನ್ ಬ್ಲಾಕನ್ನು ಹತ್ತಿಯಲ್ಲಿ ಸುತ್ತಿ, ಕೊರಿಯರ್ ನಂಬುವ ಹೊತ್ತು ಇದಲ್ಲ, ನಾನೇ ಒಯ್ಯುತ್ತೇನೆ ಎಂದು ಶುಕ್ರವಾರ ನಸುಕಿನ ಬಸ್ಸಿಗೆ ಹುಬ್ಬಳ್ಳಿಗೆ ಹೊರಟರು. ಅಲ್ಲಿಯ ಡಾಕ್ಟರು ಶನಿವಾರವೇ ಬಣ್ಣ ಹಾಕಿಸಲು ಒಪ್ಪಿದರು.

ಇತ್ತ ಸರ್ಜನ್ನರಿಗೆ ಬರವಣಿಗೆಯಲ್ಲಿ ಕಾರಣ ಬೇಕಿತ್ತು. ತಿದ್ದುಪಡಿ ವರದಿ ಇಲ್ಲದೆ ವಿಜಯಪುರದವರು ಚಿಕಿತ್ಸೆ ತಡೆಯುವುದಿಲ್ಲ ಎಂದರು. ಮಾತು ಈ ಸಲ ಮೆತ್ತಗಿತ್ತು, ನನ್ನ ಒಳ್ಳೆಯದಕ್ಕೇ ಒಂದು ದಾರಿ ತೋರಿಸಿದರು. ಹುಬ್ಬಳ್ಳಿಯವರ ಪರೀಕ್ಷೆ ಸರಿಯಾಗಿಲ್ಲ, ಮತ್ತೆ ಮಾಡಿಸುತ್ತಿದ್ದೇವೆ ಎಂದಷ್ಟು ಬರೆಯಿರಿ, ಅವರು ದೊಡ್ಡವರು, ಒಂದು ಮಾತಿಗೆ ಅವರಿಗೇನೂ ಆಗುವುದಿಲ್ಲ, ನಿಮ್ಮದು ಸಣ್ಣ ಲ್ಯಾಬು, ನಾಲ್ಕು ತಾಲ್ಲೂಕಿಗೆ ಸುದ್ದಿ ಹಬ್ಬಿದರೆ ಭರಣಿ ಕಳಿಸುವವರು ಯಾರು ಎಂದರು.

ಸುಳ್ಳೇಕೆ ಹೇಳಲಿ, ಅರ್ಧ ಗಂಟೆ ಆ ದಾರಿಯನ್ನು ನೋಡುತ್ತ ಕೂತೆ. ಹಾಗೆಯೇ ಎರಡು ಸಾಲು ಟೈಪ್ ಕೂಡ ಮಾಡಿದೆ. ಆದರೆ ಹಾಗೆ ಬರೆದರೆ ಎದೆಯ ತುಣುಕಿನ ಮೇಲೇ ಮತ್ತೆ ಪರೀಕ್ಷೆ ಮಾಡಿ ಎಂದು ಯಾರಾದರೂ ಕೇಳುತ್ತಾರೆ, ಅದು ಮತ್ತೆ ಇಲ್ಲ ಎನ್ನುತ್ತದೆ, ಎರಡು ಸಲ ಇಲ್ಲ ಎಂದದ್ದಕ್ಕೆ ಬಲ ಬರುತ್ತದೆ. ತುಣುಕೇ ಕೆಟ್ಟಿದೆ ಎಂಬ ಮಾತು ಕಾಗದದ ಮೇಲೆ ಇರಲೇಬೇಕಿತ್ತು. ಅಳಿಸಿ ಹೊಸದಾಗಿ ಬರೆದೆ. ಎದೆಯ ತುಣುಕು ನನ್ನ ಕೈಗೆ ಬಂದಾಗ ಫಾರ್ಮಲಿನ್‌ನಲ್ಲಿ ಇರಲಿಲ್ಲ. ಇದು ನನ್ನ ಗಮನಕ್ಕೆ ಬಂದಿದ್ದರೂ ರಿಜಿಸ್ಟರಿನಲ್ಲಿ ತಪ್ಪಾಗಿ ನಮೂದಿಸಿದ್ದೇನೆ. ಅದರ ರಿಸೆಪ್ಟರ್ ಫಲಿತಾಂಶವನ್ನು ಚಿಕಿತ್ಸೆಗೆ ಬಳಸಬಾರದು. ಕಂಕುಳಿನ ಗಂಟಿನ ಪರೀಕ್ಷೆ ನಡೆದಿದೆ. ದಾರಿಯಲ್ಲಿ ದ್ರವ ಸೋರಿಹೋಗಿತ್ತು ಎಂದು ಸೇರಿಸಿದೆ. ಉಪ್ಪುನೀರು ತುಂಬಿದ್ದನ್ನು ಸರ್ಜನ್ನರಿಗೆ ಬಾಯಿಮಾತಲ್ಲಿ ಹೇಳಿದೆ, ಯಾರ ಹೆಸರನ್ನೂ ಕಾಗದಕ್ಕೆ ಎಳೆಯಲಿಲ್ಲ. ಸಹಿ ಹಾಕಿ ಕಳಿಸಿದೆ.

ಶನಿವಾರ ಲ್ಯಾಬಿನಲ್ಲಿ ಯಾವ ಕೆಲಸವೂ ಸರಿಯಾಗಲಿಲ್ಲ. ಗಂಟಿನಲ್ಲೂ ಇಲ್ಲ ಎಂದು ಬಂದರೆ? ಅಪರೂಪ ಎಂದರೆ ಆಗುವುದೇ ಇಲ್ಲ ಎಂದಲ್ಲ. ಆಗ ಮಾಸ್ತರರಿಗೆ ಅದೇ ಕಿಮೋ, ಅದೇ ಹೃದಯ, ಜೊತೆಗೆ ನಾನು ಕೊಟ್ಟ ಸುಳ್ಳು ಆಸೆ. ಬಣ್ಣ ಹಾಕಲು ತೆಗೆದುಕೊಂಡ ಸ್ಲೈಡನ್ನು ಒಡೆದೆ. ಹಿಂದಿನ ರಾತ್ರಿಯೇ ಹುಬ್ಬಳ್ಳಿಯಿಂದ ಮರಳಿದ್ದ ಟೆಕ್ನಿಷಿಯನ್ ಚೂರು ಗುಡಿಸಿ, ಮನೆಗೆ ಹೋಗಿ ಮಲಗಿ ಎಂದು ಗದರಿದರು. ಹೋಗಲಿಲ್ಲ.

ಸಂಜೆ ಐದೂವರೆಗೆ ಫೋನಿಗೆ ಚಿತ್ರ ಬಂತು. ಮೊದಲ ನೋಟಕ್ಕೇ ಕಂದು. ಚಿತ್ರ ದೊಡ್ಡದು ಮಾಡಿದೆ. ಗಡ್ಡೆಯ ಹತ್ತು ಕೋಶಗಳಲ್ಲಿ ಒಂಬತ್ತು ಗಾಢ ಕಂದು, ಸುತ್ತಲಿನ ಗಂಟಿನ ಕೋಶಗಳು ಮಾತ್ರ ಇರಬೇಕಾದ ಹಾಗೆ ನೀಲಿ. ಈಸ್ಟ್ರೊಜೆನ್ ರಿಸೆಪ್ಟರ್ ಇತ್ತು, ಧಾರಾಳವಾಗಿ ಇತ್ತು. ಟೆಕ್ನಿಷಿಯನ್ನರ ಕೈಗೆ ಫೋನ್ ಕೊಟ್ಟು ನಾನು ಒಳಗಿನ ಕೋಣೆಗೆ ಹೋಗಿ ಅತ್ತೆ.

ಸೋಮವಾರ ಗಂಟಿನ ಹೊಸ ವರದಿ ಹಿಡಿದು ವಿಜಯಪುರಕ್ಕೆ ನಾನೇ ಹೋದೆ. ಕ್ಯಾನ್ಸರ್ ಡಾಕ್ಟರು ಎರಡೂ ವರದಿ, ಹೃದಯದ ಪರೀಕ್ಷೆಯ ಕಾಗದ ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು ಓದಿದರು. ನನ್ನನ್ನು ಬೈಯುತ್ತಾರೆಂದುಕೊಂಡಿದ್ದೆ, ತಿದ್ದುಪಡಿ ಬರೆದದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿದರು. ಇಂಥ ಹೃದಯಕ್ಕೆ ಕಿಮೋ ಬೇಡ, ರೇಡಿಯೇಷನ್ ಕೊಟ್ಟು ಗುಳಿಗೆ ಶುರುಮಾಡೋಣ, ವರ್ಷಗಟ್ಟಲೆ ತಪ್ಪದೆ ನುಂಗಬೇಕು, ಕಾಲು ಬಾತರೆ ಉಸಿರು ಕಟ್ಟಿದರೆ ಅದೇ ದಿನ ಬರಬೇಕು ಎಂದು ಚೀಟಿ ಬರೆದರು.

ಮಾಸ್ತರರು, ತಮ್ಮ ಇಬ್ಬರೂ ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದರು. ಮೊದಲ ವರದಿ ತಪ್ಪಾಗಿತ್ತು, ತಪ್ಪು ನನ್ನದು, ನಿಮ್ಮನ್ನು ಇಷ್ಟು ದಿನ ಹೆದರಿಸಿದೆ, ಕ್ಷಮಿಸಿ ಎಂದೆ. ಮಾಸ್ತರರು ಏನೋ ಹೇಳುವ ಮೊದಲೇ ತಮ್ಮ ಎದ್ದು ನಿಂತರು.

"ಅಕ್ಕಾರ ನನ್ನ ಮುಚ್ಚಾಕತ್ತಾರ ಅಣ್ಣಾ. ಕೆಡಿಸಿದಾವ ನಾನು." ಟೆಂಪೊ, ಸೋರಿದ ನೀರು, ಅಟ್ಟ, ಎಲ್ಲವನ್ನೂ ನೆಲ ನೋಡುತ್ತ ಹೇಳಿದರು.

ಮಾಸ್ತರರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮನ ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ನೀ ಎರಡ ದಿನ ಮುಚ್ಚಿಟ್ಟಿ. ನಾ ಒಂದೂವರಿ ವರ್ಷ ಮುಚ್ಚಿಟ್ಟೇನಿ. ಗಡ್ಡಿ ಲಿಂಬಿಕಾಯಿ ಅಷ್ಟಾಗೂ ತನಕ ನಿಮ್ಮ ವೈನಿಗೂ ತೋರಿಸಲಿಲ್ಲ. ಪಿ.ಟಿ. ಮಾಸ್ತರಗ ಹೆಂಗಸರ ಬ್ಯಾನಿ ಬಂತು ಅಂತ ಊರು ನಕ್ಕೀತು ಅಂತ. ಕಂಕುಳಿಗೆ ಹೋದದ್ದು ನಿನ್ನ ಉಪ್ಪಿನಿಂದಲ್ಲ."

ಆಸ್ಪತ್ರೆಯ ಅರ್ಜಿಯಲ್ಲಿ ಒಂದು ತಿಂಗಳಿನಿಂದ ಗಡ್ಡೆ ಎಂದು ಬರೆಸಿದ್ದರು. ತಮ್ಮನಿಗೂ ಅದು ಗೊತ್ತಿರಲಿಲ್ಲ. ಅವರು ಅಣ್ಣನ ಮುಖವನ್ನೇ ನೋಡುತ್ತ ಕುಳಿತರು.

ಕೆಳಗೆ ಮೆಡಿಕಲ್ ಶಾಪಿನ ಮುಂದೆ ಸಾಲಿತ್ತು. ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ ಅವರ ಜೊತೆ ನಿಂತೆ. ಚೀಟಿ ನೋಡಿದ ಅಂಗಡಿಯವನು ಗುಳಿಗೆ ತೆಗೆದಿಟ್ಟು, ಇದು ಹೆಣ್ಣುಮಕ್ಕಳು ತಗೊಳ್ಳುವ ಗುಳಿಗೆ, ಮನೆಯವರಿಗಾ ಎಂದು ಮೆಲ್ಲಗೆ ಕೇಳಿದ. ತಮ್ಮ ಹೌದೆನ್ನಲು ಬಾಯಿ ತೆರೆದರು. ಮಾಸ್ತರರು ಅವರನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಶಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡರು. ಮೈದಾನದ ಆಚೆ ತುದಿಗೆ ಕೇಳಿಸುವ ದನಿ ಅವರದು.

"ನನಗ ರೀ. ಎದಿ ಕ್ಯಾನ್ಸರ್ ಆಗೇತಿ ನನಗ. ಹೆಂಗ ತಗೋಬೇಕು ಹೇಳ್ರಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಯಾರೂ ನಗಲಿಲ್ಲ. ಅಂಗಡಿಯವನು ಪೊಟ್ಟಣದ ಮೇಲೆ ಪೆನ್ನಿನಿಂದ 'ದಿನಕ್ಕೆ ಒಂದು' ಎಂದು ಬರೆದು ಅವರ ಕೈಗೆ ಕೊಟ್ಟ.